ಅರ್ಧ ಅರಿವೆ ಕೊಟ್ಟವನ ಹೆಸರೇನು?

ನಮ್ಮ ಸೀಮೆಗೆ ಕಡಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕು ಅಡ್ಡಾಡಿದರೂ ನಿಮಗೆ ಸಿಗುವುದು ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳೆಗಳು, ಕಬ್ಬಿನ ಗದ್ದೆಗಳು, ತಂಬಾಕಿನ ವಖಾರಗಳು, ಸಕ್ಕರೆ ಕಾರ್ಖಾನೆಯ ಚಿಮಣಿಗಳು. ಹಡಗು ಅಂದರೆ ನಮ್ಮ ಕೇರಿಯ ಮಂದಿಗೆ ಸಿನಿಮಾದಾಗ ಕಂಡದ್ದು. ಹಂಗಿದ್ದ ಮೇಲೆ ಇವನು ಒಡೆದ ಹಡಗಿನ ಕಥೆ ಯಾಕ ಹೊತ್ತು ತಂದ ಅಂತ ನೀವು ಕೇಳಬಹುದು. ಕೇಳಬೇಕು. ಉತ್ತರ ನಮ್ಮ ಹೊಳೆದಂಡೆಯಲ್ಲೇ ಇದೆ. ಅಲ್ಲಿಗೆ ಬರುವ ಮುನ್ನ ಒಂದಿಷ್ಟು ದೂರ ನನ್ನ ಜೊತೆ ನಡೆಯಿರಿ.

1795ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವನು ಡೊನಾಲ್ಡ್ ಕ್ಯಾಂಪ್‌ಬೆಲ್. ಸ್ಕಾಟ್ಲೆಂಡಿನ ಬಾರ್‌ಬ್ರೆಕ್ ಮನೆತನದವನು, ಆರ್ಕಾಟಿನ ನವಾಬನ ಕುದುರೆ ದಂಡಿನಲ್ಲಿ ಕ್ಯಾಪ್ಟನ್ ಆಗಿದ್ದವನು. ಭೂಮಾರ್ಗವಾಗಿ ಇಂಡಿಯಾಕ್ಕೆ ಬಂದ ಕಥೆಯನ್ನು ತನ್ನ ಮಗನಿಗೆ ಬರೆದ ಪತ್ರಗಳ ರೂಪದಲ್ಲಿ ಹೇಳಿದ್ದಾನೆ. ಅಲೆಪ್ಪೊ, ಬಾಗ್ದಾದ್, ಬಸ್ರಾ ದಾಟಿ ಮುಂಬಯಿ, ಅಲ್ಲಿಂದ ಗೋವೆ. 1782ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಒಂದು ಹಡಗು ಹತ್ತಿ ಮದರಾಸಿಗೆ ಹೊರಟ. ದಾರಿಯಲ್ಲಿ ಬಿರುಗಾಳಿ. ಹಡಗು ಒಡೆಯಿತು. ಬದುಕಿ ಉಳಿದವರು ಬಿದ್ದದ್ದು ಹೈದರಾಲಿಯ ಆಳ್ವಿಕೆಯಲ್ಲಿದ್ದ ಕರಾವಳಿಯ ಮೇಲೆ. ಆಗ ಹೈದರನಿಗೂ ಇಂಗ್ಲಿಷರಿಗೂ ಯುದ್ಧ ನಡೆದಿತ್ತು. ದಂಡೆಗೆ ಬಿದ್ದ ಇಂಗ್ಲಿಷನು ಅತಿಥಿ ಅಲ್ಲ, ಕೈದಿ. ಕ್ಯಾಂಪ್‌ಬೆಲ್ಲನನ್ನೂ ಹಾಲ್ ಎಂಬ ಅವನ ಸಹಪ್ರಯಾಣಿಕನನ್ನೂ ಹಿಡಿದು ಬಿದನೂರಿಗೆ ಸಾಗಿಸಿದರು. ಹೈದರನು 1763ರಲ್ಲಿ ಕೆಳದಿಯವರಿಂದ ಗೆದ್ದು ಹೈದರನಗರ ಅಂತ ಹೆಸರಿಟ್ಟ ಊರು ಅದು. ಇವತ್ತು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರ.

ಅಲ್ಲಿ ಇಬ್ಬರನ್ನೂ ಒಂದೇ ಸಂಕೋಲೆಗೆ ಕಟ್ಟಿ ಸೆರೆಯಲ್ಲಿಟ್ಟರು. ಹಾಲ್ ಸತ್ತ. ಸತ್ತ ಮೇಲೂ ಸಂಕೋಲೆ ಬಿಚ್ಚಲಿಲ್ಲ. ಗೆಳೆಯನ ಹೆಣದ ಜೊತೆ ಕ್ಯಾಂಪ್‌ಬೆಲ್ ದಿನಗಳನ್ನು ಕಳೆದ. 1783ರ ಜನವರಿಯಲ್ಲಿ, ಹೈದರ್ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ, ಬಿದನೂರಿನ ಅಧಿಕಾರಿ ಶೇಖ್ ಅಯಾಜನು ಇಂಗ್ಲಿಷ್ ಜನರಲ್ ಮ್ಯಾಥ್ಯೂಸನಿಗೆ ಕೋಟೆ ಒಪ್ಪಿಸಿದಾಗ ಕ್ಯಾಂಪ್‌ಬೆಲ್ ಹೊರಬಂದ. ಆ ಮಾತುಕತೆಯಲ್ಲಿ ಅವನೂ ಕೈಯಾಡಿಸಿದ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಬಿದನೂರು ಮರಳಿ ಗೆದ್ದ, ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಕ್ಯಾಂಪ್‌ಬೆಲ್ ಬದುಕಿ ತನ್ನ ದೇಶಕ್ಕೆ ಹೋದ, ಪುಸ್ತಕ ಬರೆದ. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು.

ಮನುಷ್ಯನ ನೋವನ್ನು ನಾನು ಹಗುರ ಮಾಡುವುದಿಲ್ಲ. ಹೆಣಕ್ಕೆ ಕಟ್ಟಿಸಿಕೊಂಡು ಕೂತವನ ಸಂಕಟ ಸಂಕಟವೇ. ಬಿಳಿ ಚರ್ಮದವನು ಅಂತ ಅದು ಸಿಹಿಯಾಗುವುದಿಲ್ಲ. ನನ್ನ ತಕರಾರು ಬೇರೆ.

ಆ ಪುಸ್ತಕದಲ್ಲಿ ಒಂದು ಸಣ್ಣ ಜಾಗ ಉಂಟು. ಹಡಗು ಒಡೆದ ಮೇಲೆ ಕ್ಯಾಂಪ್‌ಬೆಲ್ ದಂಡೆಯ ಮೇಲೆ ಬತ್ತಲೆ ಬಿದ್ದಿದ್ದಾನೆ. ಮೈಮೇಲೆ ನೂಲಿಲ್ಲ. ನವಾಬನ ಕ್ಯಾಪ್ಟನ್, ದೊಡ್ಡ ಮನೆತನದವನು, ನಾಚಿಕೆಯಿಂದ ಮುದುಡಿದ್ದಾನೆ. ಅದೇ ಹಡಗಿನಲ್ಲಿ ದುಡಿಯುತ್ತಿದ್ದ ಒಬ್ಬ ಲಸ್ಕರ್, ಅಂದರೆ ನಮ್ಮ ನಾಡಿನ ಖಲಾಸಿ, ಅವನನ್ನು ನೋಡಿದ. ಅವನಿಗೂ ಇದ್ದದ್ದು ಸೊಂಟಕ್ಕೆ ಸುತ್ತಿದ ಒಂದು ತುಂಡು ಅರಿವೆ. ಅದನ್ನು ಬಿಚ್ಚಿದ, ಎರಡು ತುಂಡು ಮಾಡಿ ಹರಿದ, ಒಂದನ್ನು ತಾನು ಉಟ್ಟುಕೊಂಡ, ಒಂದನ್ನು ಕ್ಯಾಂಪ್‌ಬೆಲ್ಲನಿಗೆ ಕೊಟ್ಟ.

ಇಷ್ಟೇ. ಕ್ಯಾಂಪ್‌ಬೆಲ್ ಕೃತಘ್ನ ಅಲ್ಲ. ಈ ಓದು ಬರಹವಿಲ್ಲದ ಬಡ ಕರಿಯ ಮನುಷ್ಯನ ಒಂದು ಕೆಲಸದಲ್ಲಿ ಇದ್ದ ಕರುಣೆ, ಲಂಡನ್ನಿನಲ್ಲಿ ಪತ್ರಿಕೆಗೆ ಹಾಕಿಸಿಕೊಂಡು ಮೆರೆಸುವ ದಾನಧರ್ಮಗಳ ಅರ್ಧದಷ್ಟರಲ್ಲೂ ಇಲ್ಲ ಎಂಬ ಅರ್ಥ ಬರುವಂತೆ ಬರೆದಿದ್ದಾನೆ. ಒಳ್ಳೆಯ ಮಾತು. ಓದಿದಾಗ ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಸಿಟ್ಟು ಬಂತು. ಆ ಪುಸ್ತಕದಲ್ಲಿ ಜನರಲ್ಲರಿಗೆ ಹೆಸರಿದೆ. ಹೈದರನ ಅಧಿಕಾರಿಗೆ ಹೆಸರಿದೆ. ಸತ್ತ ಹಾಲನಿಗೆ ಹೆಸರಿದೆ. ದಾರಿಯ ಊರುಗಳಿಗೆ ಹೆಸರಿದೆ. ಅರ್ಧ ಅರಿವೆ ಕೊಟ್ಟವನಿಗೆ ಹೆಸರಿಲ್ಲ. ಅವನು ಒಬ್ಬ ಲಸ್ಕರ್, ಅಷ್ಟೇ. ಹೊಗಳಿಕೆ ಉಂಟು, ಹೆಸರಿಲ್ಲ. ಮಾನ ಮುಚ್ಚಿದವನ ಹೆಸರು ಕೇಳಲು ಎಷ್ಟು ಉಸಿರು ಬೇಕಿತ್ತು? ಒಂದು ಉಸಿರು.

ಈ ಲಸ್ಕರರು ಯಾರು? ಹೊಟ್ಟೆಗಿಲ್ಲದೆ ಕಡಲಿಗೆ ಹೋದವರು. ಬಂಗಾಳದ, ಗುಜರಾತಿನ, ಕೊಂಕಣದ, ಮಲಬಾರದ ಬಡ ಮುಸಲ್ಮಾನರು, ಮೀನುಗಾರರು, ಊರು ಹೊರಗಿಟ್ಟ ಜಾತಿಗಳವರು. ಕಡಲು ದಾಟಿದರೆ ಜಾತಿ ಕೆಡುತ್ತದೆ ಅಂತ ಶಾಸ್ತ್ರ ಹೇಳುವವರು ದಂಡೆಯ ಮೇಲೆ ನಿಂತು ವ್ಯಾಪಾರದ ಲಾಭ ಎಣಿಸಿದರು. ಕೆಡಲು ಜಾತಿಯೇ ಇಲ್ಲದವರು ಹಾಯಿ ಎಳೆದರು. ಇವರನ್ನು ಹಡಗಿಗೆ ತರುವವನು ಸಾರಂಗ. ಮುಂಗಡ ಕೊಟ್ಟು, ಸಾಲದಲ್ಲಿ ಕಟ್ಟಿ, ಗುಂಪು ಮಾಡಿ ಒಯ್ಯುತ್ತಿದ್ದ. ಹಡಗಿನ ಕಪ್ತಾನನಿಗೆ ಸಾರಂಗ ಗೊತ್ತು, ಅವನ ಹಿಂದಿನ ತಲೆಗಳು ಬರಿ ಲೆಕ್ಕ. ಬಿಳಿ ನಾವಿಕನ ಪಗಾರದ ಒಂದು ಸಣ್ಣ ಪಾಲು ಇವರಿಗೆ. 1823ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾನೂನನ್ನೇ ಮಾಡಿತು: ಲಸ್ಕರನು ಬ್ರಿಟಿಷ್ ರಾಜ್ಯದಲ್ಲೇ ಹುಟ್ಟಿದ್ದರೂ ಬ್ರಿಟಿಷ್ ನಾವಿಕ ಅಂತ ಎಣಿಸತಕ್ಕದ್ದಲ್ಲ.

ನಮ್ಮ ಕಬ್ಬಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸಾರಂಗ ಅಂದ ಕಡೆ ಮುಕಾದಮ ಅಂತ ಓದಿಕೊಳ್ಳಿರಿ. ಮುಂಗಡ ಅಂದ ಕಡೆ ಉಚಲ್ ಅಂತ ಓದಿಕೊಳ್ಳಿರಿ. ಲಸ್ಕರರ ಗುಂಪು ಅಂದ ಕಡೆ ಕಬ್ಬು ಕಡಿಯುವ ಟೋಳಿ. ಹಂಗಾಮಿನಲ್ಲಿ ಕಾರ್ಖಾನೆಯ ಪುಸ್ತಕದಾಗ ಮುಕಾದಮನ ಹೆಸರು ಬರೀತಾರ, ಮುಂದೆ ಇಷ್ಟು ಕೊಯ್ತಾ ಅಂತ ಅಂಕಿ ಬರೀತಾರ. ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ. ಎರಡು ಜೀವ, ಒಂದು ಅಂಕಿ. ಹೆಂಗಸಿಗೆ ಅಲ್ಲಿ ಅರ್ಧ ಅಂಕಿಯೂ ತನ್ನದಲ್ಲ.

ಇಲ್ಲಿ ಪಂಡಿತರು ಎದ್ದು ನಿಲ್ಲುತ್ತಾರೆ. "ತಮ್ಮಾ, ಭಾವುಕನಾಗಬೇಡ. ಒಬ್ಬ ಲೇಖಕ ಒಂದು ಹೆಸರು ಬರೆಯಲಿಲ್ಲ ಅಂದರೆ ಅದು ಆಕಸ್ಮಿಕ. ಆಕರ ಇಲ್ಲದ್ದಕ್ಕೆ ಇತಿಹಾಸ ಏನು ಮಾಡೀತು?"

ಆಕಸ್ಮಿಕವೇ? ಹಾಗಾದರೆ ಇನ್ನೊಂದು ಹಡಗು ನೋಡೋಣ. 1796ರ ಕೊನೆಗೆ ಕಲ್ಕತ್ತೆಯಿಂದ ಸಿಡ್ನಿ ಕೋವ್ ಎಂಬ ಹಡಗು ಆಸ್ಟ್ರೇಲಿಯಾಕ್ಕೆ ಹೊರಟಿತು. ಸರಕಿನಲ್ಲಿ ಅಕ್ಕಿ ಇತ್ತು, ರಮ್ ಸಾರಾಯಿ ಇತ್ತು. ಆಳುಗಳು ಬಹುಪಾಲು ಲಸ್ಕರರು. 1797ರ ಫೆಬ್ರವರಿಯಲ್ಲಿ ಟಾಸ್ಮೇನಿಯಾದ ಬಡಗಲ ಒಂದು ಪಾಳು ನಡುಗಡ್ಡೆಯ ಹತ್ತಿರ ಹಡಗು ಕೆಟ್ಟು ನಿಂತಿತು. ಸಹಾಯ ತರಲು ಹದಿನೇಳು ಮಂದಿಯನ್ನು ದೋಣಿಯಲ್ಲಿ ಕಳಿಸಿದರು. ಐವರು ಯುರೋಪಿಯನ್ನರು, ಹನ್ನೆರಡು ಲಸ್ಕರರು. ದೋಣಿಯೂ ಒಡೆಯಿತು. ಅವರು ದಂಡೆಗುಂಟ 600 ಕಿಲೋಮೀಟರಿಗೂ ಹೆಚ್ಚು ನಡೆದರು. ದಾರಿಯಲ್ಲಿ ಆ ನೆಲದ ಮೂಲ ಜನ ಎಷ್ಟೋ ಸಲ ಮೀನು ಕೊಟ್ಟರು, ಹೊಳೆ ದಾಟಿಸಿದರು. ಕೆಲವು ಕಡೆ ಜಗಳವೂ ಆಯಿತು. ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಮೇ ತಿಂಗಳಲ್ಲಿ ಸಿಡ್ನಿಯ ಹತ್ತಿರ ಒಂದು ಮೀನಿನ ದೋಣಿಗೆ ಸಿಕ್ಕವರು ಮೂವರು. ದಾಖಲೆ ಹೇಳುವುದು ಹೀಗೆ: ವಿಲಿಯಂ ಕ್ಲಾರ್ಕ್, ಜಾನ್ ಬೆನೆಟ್, ಮತ್ತು ಒಬ್ಬ ಲಸ್ಕರ್.

ನೋಡಿದಿರಾ? ಸಾವಿರಾರು ಮೈಲಿ ಆಚೆ, ಹದಿನೈದು ವರ್ಷದ ಮೇಲೆ, ಬೇರೆ ಹಡಗು, ಬೇರೆ ಲೇಖನಿ. ಆದರೆ ಅದೇ ಮಾತು. ಒಬ್ಬ ಲಸ್ಕರ್. ಒಂದೇ ದಾರಿ ನಡೆದರು, ಒಂದೇ ಹಸಿವು ಉಂಡರು, ಒಂದೇ ದೋಣಿ ಹತ್ತಿದರು. ಇಬ್ಬರು ಹೆಸರಾಗಿ ಇಳಿದರು, ಒಬ್ಬ ಅಂಕಿಯಾಗಿ ಇಳಿದ. ಇದು ಆಕಸ್ಮಿಕ ಅಲ್ಲ ಪಂಡಿತರೇ, ಇದು ಪದ್ಧತಿ. ಆಕರ ಇಲ್ಲ ಅನ್ನುವುದು ಆಕಾಶದಿಂದ ಬಿದ್ದದ್ದಲ್ಲ. ಯಾರೋ ಒಬ್ಬ ಕೈಯಲ್ಲಿ ಮಸಿ ಇದ್ದಾಗಲೂ ಕೇಳದೆ ಬಿಟ್ಟದ್ದರಿಂದ ಆಕರ ಇಲ್ಲವಾಯಿತು.

ಇನ್ನು ಹೆಸರು ಬರೆದುಕೊಂಡ ಹಡಗಿನ ಕಥೆಯನ್ನೂ ಕೇಳಿರಿ. ಬರೀ ಹೆಸರು ಬರೆದರೆ ಸಾಕು ಅಂತ ನಂಬುವ ಗೆಳೆಯರು ಇದನ್ನು ಮರೆಯಬಾರದು. 1884ರಲ್ಲಿ ಕಲ್ಕತ್ತೆಯಿಂದ ಸಿರಿಯಾ ಎಂಬ ಹಡಗು ಸುಮಾರು 500 ಗಿರಮಿಟ್ ಕೂಲಿಗಳನ್ನು ತುಂಬಿಕೊಂಡು ಫಿಜಿಗೆ ಹೊರಟಿತು. ಈ ಕೂಲಿಗಳಿಗೆ ಚೀಟಿ ಇತ್ತು. ಚೀಟಿಯಲ್ಲಿ ಹೆಸರು, ತಂದೆ ಹೆಸರು, ಊರು, ಜಾತಿ ಎಲ್ಲ ಬರೆದಿದ್ದರು. ಮೇ 11ರ ರಾತ್ರಿ ಫಿಜಿಯ ನಸೀಲೈ ಬಂಡೆಗಳಿಗೆ ಬಡಿದು ಹಡಗು ಒಡೆಯಿತು. 59 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಉಳಿದವರನ್ನು ಎಳೆದು ದಂಡೆಗೆ ಹಾಕಿದರು. ಆಮೇಲೆ? ಹೆಂಡತಿ ಮಕ್ಕಳನ್ನು ಕಡಲಿಗೆ ಕೊಟ್ಟು ಬಂದವರಿಗೆ ಮನೆಗೆ ಹೋಗಿರಿ ಅಂದರೇನು? ಇಲ್ಲ. ಗಿರಮಿಟ್ ಅಂದರೆ ಗಿರಮಿಟ್. ಐದು ವರ್ಷದ ಕರಾರು. ಬದುಕಿದವರನ್ನು ಕಬ್ಬಿನ ತೋಟಕ್ಕೆ ಹಂಚಿದರು. ಕಡಲು ಬಿಟ್ಟದ್ದನ್ನು ಕಬ್ಬು ತಿಂದಿತು. ಅವರ ಹೆಸರು ಬರೆದದ್ದು ದುಡಿಸಿಕೊಳ್ಳಲು, ಓಡಿಹೋದರೆ ಹಿಡಿದು ತರಲು.

ಆದ್ದರಿಂದ ಗೆಳೆಯರೇ, ಪ್ರಶ್ನೆ ಹೆಸರು ಬರೆದರೋ ಇಲ್ಲವೋ ಅನ್ನುವುದಷ್ಟೇ ಅಲ್ಲ. ಯಾವ ಪುಸ್ತಕದಲ್ಲಿ ಬರೆದರು, ಯಾರ ಲಾಭಕ್ಕೆ ಬರೆದರು ಅನ್ನುವುದೂ ಪ್ರಶ್ನೆ. ಸಾಲದ ವಹಿಯಲ್ಲಿ ನಮ್ಮ ಹೆಸರು ಎಂದೂ ತಪ್ಪಿಲ್ಲ. ಪೊಲೀಸ್ ಠಾಣೆಯ ವಹಿಯಲ್ಲೂ ತಪ್ಪಿಲ್ಲ. ಹೊಲದ ಉತಾರದಲ್ಲಿ ತಪ್ಪಿದೆ. ಹಾಜರಿ ಪಟ್ಟಿಯಲ್ಲಿ ತಪ್ಪಿದೆ. ಚರಿತ್ರೆಯ ಪುಸ್ತಕದಲ್ಲಿ ತಪ್ಪಿದೆ.

ನಮ್ಮ ರಾಜ್ಯದ ಸದ್ಯದ ಜಗಳವನ್ನೂ ಇಲ್ಲೇ ಒಂದು ಮಾತಿನಲ್ಲಿ ಮುಟ್ಟುತ್ತೇನೆ. ಟಿಪ್ಪು ಜಯಂತಿಯನ್ನು ಸರಕಾರ 2015ರಲ್ಲಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತು. ಅಪ್ಪ ಮಗ ಇಬ್ಬರೂ ದೇವರು ಅಂತ ಒಂದು ಗುಂಪು, ಇಬ್ಬರೂ ರಾಕ್ಷಸರು ಅಂತ ಇನ್ನೊಂದು. ಕ್ಯಾಂಪ್‌ಬೆಲ್ಲನಂಥ ಕೈದಿಗಳ ಪುಸ್ತಕಗಳನ್ನು ಅಂದು ಇಂಗ್ಲಿಷರು ತಮ್ಮ ಯುದ್ಧಕ್ಕೆ ಬಳಸಿಕೊಂಡರು. ಇಂದು ಇವರು ತಮ್ಮ ಚುನಾವಣೆಗೆ ಬಳಸಿಕೊಳ್ಳುತ್ತಾರೆ. ಸಂಕೋಲೆ ಹಾಕಿದವನು ಎಂಥವನು, ಹಾಕಿಸಿಕೊಂಡವನು ಎಂಥವನು ಅಂತ ಎರಡು ಕಡೆಯವರೂ ಗಂಟಲು ಹರಿಯುವಂತೆ ಕೂಗುತ್ತಾರೆ. ಅರಿವೆ ಹರಿದುಕೊಟ್ಟವನು ಯಾರು ಅಂತ ಒಬ್ಬನಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ಅವನು ಯಾವ ಗುಂಪಿನ ವೋಟೂ ಅಲ್ಲ.

ಈಗ ನಮ್ಮ ಹೊಳೆಗೆ ಬರೋಣ.

2019ರ ಆಗಸ್ಟ್. ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಕೃಷ್ಣೆ ತುಂಬಿ ಬಂದಳು. ಚಿಕ್ಕೋಡಿ ತಾಲೂಕಿನ ಯಡೂರ, ಕಲ್ಲೋಳ, ಇಂಗಳಿ, ಕಾಗವಾಡದ ಜುಗೂಳ, ಮಂಗಾವತಿ, ರಾಯಬಾಗದ ಕುಡಚಿ, ಅಥಣಿಯ ಹೊಳೆಸಾಲಿನ ಊರುಗಳು ನೀರಿನಲ್ಲಿ ನಿಂತವು. ಕಬ್ಬಿನ ತುದಿ ಕೂಡ ಕಾಣದಂಥ ನೀರು. 2021ರಲ್ಲೂ 2024ರಲ್ಲೂ ಮತ್ತೆ ಸೇತುವೆಗಳು ಮುಳುಗಿದವು. ಆದರೆ 2019ರದ್ದು ನಮ್ಮ ವಯಸ್ಸಿನವರು ಸಾಯುವ ತನಕ ಮರೆಯದ ನೀರು.

ನೀರಿಗೆ ಜಾತಿ ಇಲ್ಲ ಅಂತ ಆಗ ಎಲ್ಲರೂ ಭಾಷಣ ಮಾಡಿದರು. ಸುಳ್ಳು. ನೀರಿಗೆ ಜಾತಿ ಇಲ್ಲ, ನೆಲಕ್ಕೆ ಉಂಟು. ಗೌಡರ ವಾಡೆ ದಿಬ್ಬದ ಮೇಲೆ, ಗುಡಿ ದಿಬ್ಬದ ಮೇಲೆ, ನಮ್ಮ ಕೇರಿ ತಗ್ಗಿನಲ್ಲಿ, ಹೊಳೆಯ ಕಡೆ. ಊರು ಕಟ್ಟುವಾಗಲೇ ನೀರು ಮೊದಲು ಯಾರ ಮನೆಗೆ ಬರಬೇಕು ಅಂತ ತೀರ್ಮಾನ ಮಾಡಿ ಕಟ್ಟಿದ್ದಾರೆ. ನೀರು ಪಾಪ ಆ ತೀರ್ಮಾನವನ್ನು ಪಾಲಿಸಿತು.

ನಮ್ಮ ಆಯಿಯ ಮನೆ ಕೃಷ್ಣಾ ದಂಡೆಯ ಒಂದು ಊರಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ. ಗಾಯರಾಣದಲ್ಲಿ ಮಣ್ಣಿನ ಗೋಡೆ, ತಗಡಿನ ಮಾಡು. ನಮ್ಮ ಅವ್ವ ಇಪ್ಪತ್ತು ವರ್ಷ ತಂಬಾಕಿನ ವಖಾರದಲ್ಲಿ ಧೂಳು ಕುಡಿದು ನನ್ನನ್ನು ಕಾಲೇಜಿಗೆ ಕಳಿಸಿದಳು. ಆ ವರ್ಷ ನಾನು ಬಿ.ಎ. ಓದುತ್ತಿದ್ದೆ, ಮಳೆಗೆ ರಜೆ ಅಂತ ಆಯಿಯ ಹತ್ತಿರ ಹೋಗಿದ್ದೆ. ರಾತ್ರಿ ಎರಡಕ್ಕೆ ನೀರು ಹೊಸ್ತಿಲು ದಾಟಿತು. ಆಯಿಗೆ ನಡೆಯಲು ಬರುತ್ತಿರಲಿಲ್ಲ. ಅವಳನ್ನು ಹೊತ್ತುಕೊಂಡು ಪಕ್ಕದ ಮಾಳಿಗೆ ಹತ್ತಿದೆ. ಬೆಳಗಾಗುವಷ್ಟರಲ್ಲಿ ಆ ಮಾಳಿಗೆಯ ಮೇಲೆ ಹದಿನಾಲ್ಕು ಜೀವ, ಎರಡು ಆಡು.

ಸರಕಾರದ ಬೋಟು ಬರುವ ಮೊದಲು ಒಬ್ಬ ಮನುಷ್ಯ ಬಂದ. ಬಂದದ್ದು ದೋಣಿಯಲ್ಲಿ ಅಲ್ಲ, ಬೆಲ್ಲ ಕುದಿಸುವ ದೊಡ್ಡ ಕಡಾಯಿಯಲ್ಲಿ. ಗಾಣದ ಒಲೆಗೆ ಬೆಂಕಿ ಹಾಕುವ ಆಳು ಅವನು. ಒಂದು ಉದ್ದ ಬಿದಿರು ಹಿಡಿದು, ತಿರುಗುವ ಕಡಾಯಿಯನ್ನು ನೆಟ್ಟಗೆ ನಿಲ್ಲಿಸುತ್ತ ಬಂದು, "ಮುದುಕೀನ ಮೊದಲ ಕೊಡು" ಅಂದ. ಒಂದು ಸಲಕ್ಕೆ ಇಬ್ಬರು ಮೂವರಂತೆ ದಿಬ್ಬಕ್ಕೆ ಸಾಗಿಸಿದ. ಮಧ್ಯಾಹ್ನದ ತನಕ ಅದೇ ಕೆಲಸ. ಕೊನೆಗೆ ಆಡುಗಳನ್ನೂ ಬಿಡಲಿಲ್ಲ. ಆಮೇಲೆ ಕಡಾಯಿ ತಳ್ಳಿಕೊಂಡು ಬೇರೆ ಕೇರಿಯ ಕಡೆ ಹೋದ.

ಪರಿಹಾರ ಕೇಂದ್ರದಲ್ಲಿ ನಾವು ಎಂಟು ದಿನ ಇದ್ದೆವು. ಬಿಸ್ಕತ್ತು ಬಂದವು, ಚಾದರ ಬಂದವು, ಅವುಗಳ ಹಿಂದೆ ಕ್ಯಾಮರಾ ಬಂದವು. ಒಂದು ಚಾದರಕ್ಕೆ ಆರು ಕೈ, ಆರು ಕೈಗೂ ಉಂಗುರ. ಫೋಟೋ ಸರಿ ಬರಲಿಲ್ಲ ಅಂತ ನಮ್ಮ ಆಯಿಗೆ ಕೊಟ್ಟ ಚಾದರ ಮರಳಿ ತಗೊಂಡು ಮತ್ತೆ ಕೊಟ್ಟರು. ಲಂಡನ್ನಿನ ಪತ್ರಿಕಾ ದಾನದ ಬಗ್ಗೆ ಕ್ಯಾಂಪ್‌ಬೆಲ್ ಬರೆದದ್ದನ್ನು ನಾನು ಆಮೇಲೆ ಓದಿದಾಗ ನನಗೆ ನೆನಪಾದದ್ದು ಆ ಆರು ಕೈಗಳು.

ಆಮೇಲೆ ಯಾದಿ ಬಂತು. ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷದ ತನಕ ಅಂತ ಸರಕಾರ ಸಾರಿತು. ಬಿದ್ದ ಮನೆಗಳಿಗೆ ಎ, ಬಿ, ಸಿ ಅಂತ ವರ್ಗ ಮಾಡಿದರು. ನಾನು ಆಯಿಯ ಪರವಾಗಿ ಕಚೇರಿಯ ಕಿಟಕಿಯ ಮುಂದೆ ನಿಂತೆ. "ಉತಾರ ತಾ" ಅಂದರು. ಗಾಯರಾಣದ ಮನೆಗೆ ಎಲ್ಲಿಯ ಉತಾರ? "ಹಂಗಾದರ ಅಲ್ಲಿ ಮನಿ ಇತ್ತು ಅನ್ನಾಕ ಏನು ಪುರಾವೆ?" ಮನೆ ಹೊಳೆ ಒಯ್ದಿದೆ. ಪುರಾವೆ ಮನೆಯ ಜೊತೆಗೇ ಹೋಗಿದೆ. ಆಕರ ಇಲ್ಲ! ಪಂಡಿತರ ಮಾತನ್ನೇ ಗುಮಾಸ್ತನ ಬಾಯಲ್ಲಿ ನಾನು ಅವತ್ತು ಕೇಳಿದೆ. ಚರಿತ್ರೆ ಬರೆಯುವವನಿಗೂ ಯಾದಿ ಬರೆಯುವವನಿಗೂ ನಡುವೆ ಇರುವ ನಂಟು ನನಗೆ ತಿಳಿದದ್ದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಆ ಕಿಟಕಿಯ ಮುಂದೆ. ಆಯಿ ಮಗಳ ಮನೆಯಲ್ಲಿ, ಯಾದಿಗೆ ಹೆಸರು ಬರದೆ, ಮರುವರ್ಷ ತೀರಿಕೊಂಡಳು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಶುದ್ಧ ನೊಂದವನಾಗಿ ಉಳಿಯುತ್ತೇನೆ. ಆದರೆ ನನ್ನ ಒಂದು ತಪ್ಪಿದೆ.

ಆ ನೀರಿನ ಮೇಲೆ ನಾನೊಂದು ಕವನ ಬರೆದೆ. ಅದರಲ್ಲಿ ಕೃಷ್ಣೆ ಇದ್ದಳು, ಆಯಿ ಇದ್ದಳು, ಮುಳುಗಿದ ತಗಡಿನ ಮಾಡು ಇತ್ತು, ಆಳುವವರ ಮೇಲೆ ಬೆಂಕಿ ಇತ್ತು. ಒಂದು ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಬಿದ್ದವು. ಶಾಲು ಹೊದಿಸಿದರು. ಎರಡನೆಯ ಸಲ ಓದಿದೆ, ಮತ್ತೆ ಶಾಲು. ಕಡಾಯಿಯವನ ಬಗ್ಗೆ ಅದರಲ್ಲಿ ಒಂದು ಸಾಲಿತ್ತು. ಯಾರೋ ಒಬ್ಬ ಬಂದ ಅಂತ.

ಯಾರೋ ಒಬ್ಬ! ಕ್ಯಾಂಪ್‌ಬೆಲ್ಲನ ಪುಟ ಓದಿ ಸಿಟ್ಟಿನಿಂದ ಪುಸ್ತಕ ಮುಚ್ಚಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1782ರ ಸ್ಕಾಟ್ಲೆಂಡಿನ ಸಾಹೇಬ ಮಾಡಿದ್ದನ್ನೇ 2019ರ ಹೊಲಗೇರಿಯ ಪದವೀಧರನೂ ಮಾಡಿದ್ದ. ಅವನಿಗೆ ಅರ್ಧ ಅರಿವೆ ಸಿಕ್ಕಿತ್ತು, ನನಗೆ ಎರಡು ಇಡೀ ಶಾಲು ಸಿಕ್ಕಿದ್ದವು. ಇಬ್ಬರೂ ಹೆಸರು ಕೇಳಲಿಲ್ಲ. ಅಕ್ಷರ ಬಂದ ಕೂಡಲೇ ಅಕ್ಷರದ ರೋಗವೂ ಬರುತ್ತದೆ ಗೆಳೆಯರೇ. ಬದುಕಿ ಉಳಿದವನು ತಾನೇ ಕಥೆಯ ನಾಯಕ ಅಂದುಕೊಳ್ಳುತ್ತಾನೆ. ನಮ್ಮ ಚಳವಳಿಯ ಕವಿಗಳೂ ಇದಕ್ಕೆ ಹೊರತಲ್ಲ. ಜನ, ಜನತೆ, ಶೋಷಿತರು ಅಂತ ಸಾವಿರ ಸಲ ಬರೆಯುತ್ತೇವೆ. ಜನ ಅನ್ನುವುದೂ ಲಸ್ಕರ್ ಅನ್ನುವಂಥದೇ ಮಾತು, ಹೆಸರು ಕೇಳದೆ ಬರೆದರೆ.

ಊರಿಗೆ ಹೋದೆ, ಹುಡುಕಿದೆ. ಅವನು ಇನ್ನೂ ಗಾಣದಲ್ಲೇ ಇದ್ದ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತ ಇದ್ದ. ನಾನು ಕವನದ ಕಥೆ ಹೇಳಿ, ತಪ್ಪಾಯಿತು, ನಿಮ್ಮ ಹೆಸರು ಹೇಳ್ರಿ, ಪತ್ರಿಕೆಯಲ್ಲಿ ಬರೆಯುತ್ತೇನೆ ಅಂದೆ. ಅವನು ನಕ್ಕ.

"ಹೆಸರು ಹೇಳತೀನಿ. ಬರೀಬ್ಯಾಡ."

"ಯಾಕ್ರಿ?"

"ಆ ಕಡಾಯಿ ಮಾಲಕನ್ನ ಕೇಳದ ತಂದಿದ್ನೋ ತಮ್ಮಾ. ಕಲ್ಲಿಗೆ ಬಡದು ತಳಾ ಒಡೀತು. ಹೊಳೀನ ಒಯ್ದತಿ ಅಂತ ತಿಳಕೊಂಡಾರ. ನೀ ಪೇಪರಿನ್ಯಾಗ ಬರದರ ಅದರ ರೊಕ್ಕ ನನ್ನ ಪಗಾರದಾಗ ಕಡೀತಾರ."

ನಾನು ಸುಮ್ಮನಾದೆ. ಅವನೇ ಮುಂದುವರಿಸಿದ.

"ಅಷ್ಟು ಬರಿಯೂ ಆಸೆ ಇದ್ದರ ಒಂದು ಕೆಲಸ ಮಾಡು. ನಂದೂ ಮನಿ ಬಿದ್ದಿತ್ತು. ಯಾದ್ಯಾಗ ಬರಲಿಲ್ಲ. ಅದರಾಗ ಬರಸು ನೋಡು."

ಹೆಸರು ಹೇಳಿದ. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಲ್ಲಿ ಬರೆಯುತ್ತಿಲ್ಲ. ಊರಿನ ಹೆಸರು ಬಿಟ್ಟದ್ದೂ ಇದಕ್ಕೇ.

ಈ ಮಾತು ನನ್ನ ಸಿಟ್ಟಿಗೆ ಕಣ್ಣು ಕೊಟ್ಟಿತು. ಹೆಸರಿಲ್ಲದಿರುವುದರಲ್ಲಿ ಎರಡು ಬಗೆ. ಒಂದು, ಯಾರೂ ಕೇಳದ್ದರಿಂದ ಹೋದ ಹೆಸರು. ಇನ್ನೊಂದು, ಹೇಳಿದರೆ ಹೊಟ್ಟೆಗೆ ಕಲ್ಲು ಬೀಳುತ್ತದೆ ಅಂತ ಮುಚ್ಚಿಟ್ಟುಕೊಂಡ ಹೆಸರು. ಮೊದಲನೆಯದಕ್ಕೆ ಬರೆಯುವವನು ಹೊಣೆ. ಎರಡನೆಯದಕ್ಕೆ ಇಡೀ ವ್ಯವಸ್ಥೆ ಹೊಣೆ. ಹದಿನಾಲ್ಕು ಜೀವ ಉಳಿಸಿದವನು ಒಂದು ಕಡಾಯಿಯ ಕಳ್ಳನಾಗಿ ಹೆದರಿ ಬದುಕಬೇಕಾದ ವ್ಯವಸ್ಥೆಗೆ ಧಿಕ್ಕಾರ. ಈ ವ್ಯವಸ್ಥೆ ಇರುವ ತನಕ ಕವನದಲ್ಲಿ ಹೆಸರು ಹಾಕಿ ಕೈತೊಳೆದುಕೊಳ್ಳುವುದು ಸುಲಭದ ಪುಣ್ಯ.

ನಮ್ಮ ಸೀಮೆಗೆ ಈ ತಿಳಿವಳಿಕೆ ಹೊಸದಲ್ಲ. 1920ರ ಜನವರಿಯಲ್ಲಿ ಬಾಬಾಸಾಹೇಬರು ಪತ್ರಿಕೆ ಶುರು ಮಾಡಿದಾಗ ಇಟ್ಟ ಹೆಸರು ಮೂಕನಾಯಕ. ಬಾಯಿ ಕಟ್ಟಿಸಿಕೊಂಡವರ ಪತ್ರಿಕೆ. ಕೊಲ್ಲಾಪುರದ ಶಾಹೂ ಮಹಾರಾಜರು ಅದಕ್ಕೆ ನೆರವಾದರು; ಅದೇ ವರ್ಷ ಮಾರ್ಚಿನಲ್ಲಿ ನಮ್ಮ ನಿಪ್ಪಾಣಿಗೆ ದೂರವಲ್ಲದ ಮಾಣಗಾಂವದಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ಕುಳಿತರು. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ನಿಪ್ಪಾಣಿಗೇ ಬಂದರು. ನಿಪ್ಪಾಣಿಯ ಬಿ.ಎಚ್. ವರಾಳೆ ಅವರ ಸಂಗಾತಿಯಾಗಿ ದುಡಿದರು, ಧಾರವಾಡದ ದಲಿತ ವಿದ್ಯಾರ್ಥಿಗಳ ವಸತಿಗೃಹ ನಡೆಸಿದರು, ಕಂಡದ್ದನ್ನು ಬರೆದಿಟ್ಟರು. ಬರೆದಿಟ್ಟದ್ದರಿಂದ ನಮಗೆ ಗೊತ್ತು. ಅದೇ ನಿಪ್ಪಾಣಿಯ ತಂಬಾಕಿನ ಹೆಣ್ಣುಮಕ್ಕಳು ಎಪ್ಪತ್ತರ ದಶಕದ ಕೊನೆಗೆ ಸಂಘ ಕಟ್ಟಿದರು. 1982ರಲ್ಲಿ ಯುಗಾಂತರ್ ಎಂಬ ಗೆಳತಿಯರ ಗುಂಪು ಅವರ ಮೇಲೆ ಚಿತ್ರ ತೆಗೆಯಿತು. ಅದರಲ್ಲಿ ಆ ಹೆಂಗಸರು ತಮ್ಮ ಬಾಯಿಂದಲೇ ತಮ್ಮ ಕಥೆ ಹೇಳುತ್ತಾರೆ. ಅವರು ಮೊದಲು ಒಗ್ಗಟ್ಟಾದರು, ಆಮೇಲೆ ಮಾತಾಡಿದರು. ಒಬ್ಬಳೇ ನಿಂತು ಹೆಸರು ಹೇಳಿದ್ದರೆ ಮರುದಿನ ವಖಾರದ ಬಾಗಿಲು ಮುಚ್ಚುತ್ತಿತ್ತು. ನೂರು ಮಂದಿ ಕೂಡಿ ಹೇಳಿದಾಗ ಮಾಲಕ ಕೇಳಲೇಬೇಕಾಯಿತು.

ಆದ್ದರಿಂದ ಹಳ್ಳಿಯ ಶಾಲೆಗಳ ಮಾಸ್ತರರಿಗೆ, ಕಾಲೇಜಿನ ಗೆಳೆಯ ಗೆಳತಿಯರಿಗೆ, ಸಂಘಟನೆಯ ಸಂಗಾತಿಗಳಿಗೆ ನನ್ನ ಬೇಡಿಕೆ ಇಷ್ಟು. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿರಿ. ಹೊಳೆಸಾಲಿನ ಪ್ರತಿ ಊರಿನ ಕೇರಿಗೆ ಹೋಗಿರಿ. ಮೂರು ಪ್ರಶ್ನೆ ಕೇಳಿರಿ. ಯಾರ ಮನೆ ಬಿತ್ತು? ಯಾರು ಯಾರನ್ನು ಉಳಿಸಿದರು? ಯಾರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ? ಹೆಂಗಸರ ಹೆಸರನ್ನು ಗಂಡನ ಹೆಸರಿನ ಕೆಳಗೆ ಅಲ್ಲ, ಬೇರೆ ಸಾಲಿನಲ್ಲಿ ಬರೆಯಿರಿ. ಹೊರಗಿನಿಂದ ಬಂದ ಟೋಳಿಯವರನ್ನು ಬಿಡಬೇಡಿರಿ. ಹೆಸರು ಹೇಳಲು ಹೆದರುವವರನ್ನು ಒತ್ತಾಯ ಮಾಡಬೇಡಿರಿ. ಯಾಕೆ ಹೆದರುತ್ತಾರೆ ಅನ್ನುವುದನ್ನು ಬರೆದುಕೊಳ್ಳಿರಿ. ಉತಾರ ಇಲ್ಲದ ಮನೆಗೆ ಅಕ್ಕಪಕ್ಕದ ಐವರ ಸಹಿ, ಸಹಿ ಬಾರದವರ ಹೆಬ್ಬೆಟ್ಟು ಹಾಕಿಸಿರಿ. ಆ ಯಾದಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಒಂದು ಪ್ರತಿ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬನ್ನಿರಿ. ಒಬ್ಬರೇ ಹೋಗಬೇಡಿರಿ, ಕೂಡಿ ಹೋಗಿರಿ.

ಕವನ ಆಮೇಲೆ ಬರೆಯೋಣ. ನಾನೂ ಬರೆಯುತ್ತೇನೆ, ಬಿಡುವವನಲ್ಲ. ಆದರೆ ಯಾದಿ ಮೊದಲು.

ಕಡಲ ದಂಡೆಯಲ್ಲಿ ಅರ್ಧ ಅರಿವೆ ಕೊಟ್ಟವನ ಹೆಸರು ಇನ್ನು ಸಿಗಲಾರದು. ಅದನ್ನು ಕೇಳಬೇಕಾಗಿದ್ದವನು ಕೇಳಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಕಡಾಯಿ ತಂದವನು ಬದುಕಿದ್ದಾನೆ. ನಮ್ಮ ಕೇರಿಯ ನೋಟ್‌ಬುಕ್ಕಿನ ಮೊದಲ ಪುಟ ತುಂಬಿದೆ. ಅವನ ಮನೆಯ ಅರ್ಜಿ ಅದರಲ್ಲಿ ಮೊದಲನೆಯದು, ಐದು ಹೆಬ್ಬೆಟ್ಟು ಬಿದ್ದಿವೆ. ಬರುವ ಸೋಮವಾರ ಕಚೇರಿಗೆ ಒಯ್ಯುತ್ತೇವೆ. ಅಂದು ಗಾಣಕ್ಕೆ ರಜೆ ಹಾಕಿ ಅವನೂ ಬರುತ್ತೇನೆ ಅಂದಿದ್ದಾನೆ. ನೀವೂ ಬನ್ನಿರಿ.